ಅಂಗನವಾಡಿಗೆ ಹೊರಟವರ ಉಡುಪು

ಉಡುಪಿನ ಮಾತು ಬಂದೊಡನೆ ನಮ್ಮ ಮನಸ್ಸು ಅಂದಚಂದದ ಕಡೆಗೆ ಹರಿಯುವುದು ಸಹಜ. ಭೌತವಿಜ್ಞಾನದ ದೃಷ್ಟಿಗಾದರೋ ಬಟ್ಟೆಯೆಂಬುದು ನಮ್ಮ ದೇಹಕ್ಕೂ ಹೊರಗಿನ ಜಗತ್ತಿಗೂ ನಡುವೆ ಇರುವ ಒಂದು ತೆಳುವಾದ ಪದರ. ಶಾಖ, ತೇವ, ಧೂಳು, ಬಲ ಇವೆಲ್ಲವೂ ಆ ಪದರವನ್ನು ದಾಟಿಯೇ ಒಳಹೊರಗೆ ಸಂಚರಿಸಬೇಕು. ಆದುದರಿಂದ ಯಾವ ಕೆಲಸಕ್ಕೆ ಯಾವ ಬಟ್ಟೆ ತಕ್ಕದ್ದು ಎಂಬ ಪ್ರಶ್ನೆಗೆ ಅಭಿರುಚಿಯೊಂದೇ ಉತ್ತರ ಹೇಳಲಾರದು. ಅಳತೆ ಮತ್ತು ಲೆಕ್ಕಾಚಾರಗಳೂ ಉತ್ತರ ಹೇಳಬಲ್ಲವು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ನಮ್ಮ ದೇಶದ 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ಅದರ ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸಬೇಕು. ಈ ಗಂಟೆಗಳಲ್ಲಿ ಕೆಲವನ್ನಾದರೂ ಊರಿನ ಅಂಗನವಾಡಿಯಲ್ಲಿಯೋ ಒಂದನೆಯ, ಎರಡನೆಯ ತರಗತಿಯಲ್ಲಿಯೋ ಕಳೆಯುವುದು ಬಹು ಉಪಯುಕ್ತವಾದ ಸೇವೆ. ಹಾಡು ಹೇಳಿಕೊಡಬಹುದು, ಕಥೆ ಓದಬಹುದು, ಊಟದ ಹೊತ್ತಿನಲ್ಲಿ ಕಾರ್ಯಕರ್ತೆಗೂ ಸಹಾಯಕಿಗೂ ನೆರವಾಗಬಹುದು.

ಆದರೆ ಮೊದಲ ದಿನ ಯಾವ ಬಟ್ಟೆ ಉಟ್ಟು ಹೋಗಬೇಕು? ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಹೋಗಬೇಕೆಂದು ಅನೇಕರಿಗೆ ತೋರುವುದುಂಟು. ಗೌರವದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಬೇಳೆಸಾರು ಮೆತ್ತಿದ ಕೈಗಳನ್ನು ಚಾಚಿ ಓಡಿಬಂದ ಮಗುವನ್ನು “ಬಟ್ಟೆ ಹೊಲಸಾಗುತ್ತದೆ” ಎಂದು ಒಮ್ಮೆ ದೂರ ಸರಿಸಿದೆವೆಂದರೆ ಆ ದಿನದ ಸೇವೆ ಅಲ್ಲಿಗೇ ಮುಗಿಯಿತು. ಮಗುವಿಗೆ ಬಟ್ಟೆಯ ಬೆಲೆ ತಿಳಿಯದು. ತನ್ನನ್ನು ದೂಡಿದರೆಂಬುದು ಮಾತ್ರ ತಿಳಿಯುತ್ತದೆ. ಉಡುಪಿನ ಚಿಂತೆಯು ಮಗುವಿನ ಮೇಲಿನ ಗಮನವನ್ನು ಕದಿಯಬಾರದೆಂಬುದೇ ಈ ಲೇಖನದ ಮೂಲಸೂತ್ರ. ಉಳಿದುದೆಲ್ಲ ಅದರ ವಿವರಣೆ.

ನೆಲದ ಮೇಲಿನ ತರಗತಿ

ಶಿಶುಶಿಕ್ಷಣಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟ ತಾರಾಬಾಯಿ ಮೋಡಕರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಯಲ್ಲಿ ತಮ್ಮ ಗ್ರಾಮೀಣ ಪ್ರಯೋಗವನ್ನು ಆರಂಭಿಸಿದರು. ಅವರೊಡನೆ ದುಡಿದವರು ಅನುತಾಯಿ ವಾಘ್. ಬಡಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಗಲಿ ಎಂಬುದು ಆ ಪ್ರಯೋಗದ ತಿರುಳು. ಅಂಗನವಾಡಿ ಎಂಬ ಹೆಸರಿನಲ್ಲಿಯೇ ಅಂಗಳ ಅಡಗಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 1995ರಲ್ಲಿ ಅದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿಯು ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಅಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು ಕಾರ್ಡುಗಳಿಂದ ಕಲಿಯುತ್ತಾರೆ. ಶಿಕ್ಷಕರೂ ಅವರ ನಡುವೆ ನೆಲದ ಮೇಲೆಯೇ ಕೂರುತ್ತಾರೆ.

ಇದರಿಂದ ಉಡುಪಿನ ಮೊದಲನೆಯ ನಿಯಮ ಹುಟ್ಟುತ್ತದೆ: ಬೆಳಗಿನಿಂದ ಮಧ್ಯಾಹ್ನದವರೆಗೆ ಹತ್ತಾರು ಸಲ ನೆಲಕ್ಕೆ ಕುಳಿತು ಏಳುವುದಕ್ಕೆ ಅದು ಅಡ್ಡಿಯಾಗಬಾರದು. ವಾಚಕರು ಒಂದು ಚಿಕ್ಕ ಪ್ರಯೋಗವನ್ನು ಮಾಡಿನೋಡಬಹುದು. ನೇರವಾಗಿ ನಿಂತು ಮೊಣಕಾಲಿನ ಮೇಲುಗಡೆ ಒಂದು ಚುಕ್ಕೆಯನ್ನೂ ಕೆಳಗಡೆ ಒಂದು ಚುಕ್ಕೆಯನ್ನೂ ಗುರುತಿಸಿ, ಅವುಗಳ ನಡುವಣ ದೂರವನ್ನು ದರ್ಜಿಯ ಟೇಪಿನಿಂದ ಅಳೆಯಿರಿ. ಅನಂತರ ಕುಕ್ಕರುಗಾಲಿನಲ್ಲಿ ಕುಳಿತು ಅದೇ ದೂರವನ್ನು ಮೊಣಕಾಲಿನ ಮೇಲೆ ಹಾಯಿಸಿ ಅಳೆಯಿರಿ. ಎರಡನೆಯ ಅಳತೆ ಗಣನೀಯವಾಗಿ ಹೆಚ್ಚಿರುತ್ತದೆ. ಚರ್ಮ ಹಿಗ್ಗುತ್ತದೆ, ಹತ್ತಿಯ ದಪ್ಪ ನೇಯ್ಗೆ ಅಷ್ಟು ಹಿಗ್ಗಲಾರದು. ಬಿಗಿಯಾದ ಜೀನ್ಸ್ ತೊಟ್ಟವರಿಗೆ ಈ ವ್ಯತ್ಯಾಸವು ಮೊಣಕಾಲಿನ ಮೇಲೆ ಒತ್ತಡವಾಗಿಯೂ, ಹೊಲಿಗೆಯ ಮೇಲೆ ಎಳೆತವಾಗಿಯೂ ಅನುಭವಕ್ಕೆ ಬರುತ್ತದೆ. ಸಡಿಲವಾದ ಸಲ್ವಾರ್, ಪೈಜಾಮ, ಅಗಲ ಕಾಲಿನ ಪ್ಯಾಂಟು ಇವುಗಳಲ್ಲಿ ಬಟ್ಟೆ ಹಿಗ್ಗಬೇಕಾಗಿಯೇ ಇಲ್ಲ. ಮಡಿಕೆಗಳು ಬಿಚ್ಚಿಕೊಂಡರೆ ಸಾಕು.

ನಮ್ಮ ಹಿರಿಯರಿಗೆ ಈ ತತ್ತ್ವ ಹೊಸದೇನಲ್ಲ. ಉತ್ತರ ಕರ್ನಾಟಕದ ಹೊಲಗಳಲ್ಲಿ ದುಡಿದ ಹೆಂಗಸರು ಸೀರೆಗೆ ಕಚ್ಚೆ ಹಾಕುತ್ತಿದ್ದುದೂ, ಗಂಡಸರು ಧೋತರದ ಕಚ್ಚೆ ಕಟ್ಟುತ್ತಿದ್ದುದೂ ಎರಡು ಕಾಲುಗಳಿಗೂ ಪ್ರತ್ಯೇಕವಾದ ಚಲನೆಯನ್ನು ಒದಗಿಸುವ ಉಪಾಯವೇ ಆಗಿತ್ತು. ಸೀರೆಯುಡುವ ವಿದ್ಯಾರ್ಥಿನಿಯರು ನೆರಿಗೆಯನ್ನು ಪಾದಕ್ಕಿಂತ ತುಸು ಮೇಲಕ್ಕೆ ಎತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸಾಕು.

ಬಿಸಿಲು ಮತ್ತು ಬೆವರು

ಇನ್ನು ನಮ್ಮ ಸೀಮೆಯ ಬಿಸಿಲಿನ ವಿಷಯ. ಏಪ್ರಿಲ್ ತಿಂಗಳಲ್ಲಿ ಇಲ್ಲಿನ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ನಮ್ಮ ಚರ್ಮದ ಉಷ್ಣತೆಯಾದರೋ ಸುಮಾರು 34–35 ಡಿಗ್ರಿ. ಶಾಖವು ಬಿಸಿಯಾದುದರಿಂದ ತಣ್ಣಗಾದುದರ ಕಡೆಗೆ ಹರಿಯುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಗಾಳಿ ಚರ್ಮಕ್ಕಿಂತ ತಣ್ಣಗಿರುವವರೆಗೆ ವಹನ, ಸಂವಹನ, ವಿಕಿರಣಗಳಿಂದ ದೇಹದ ಶಾಖ ಹೊರಗೆ ಹೋಗುತ್ತದೆ. ಗಾಳಿಯೂ ಗೋಡೆಗಳೂ ಚರ್ಮಕ್ಕಿಂತ ಬಿಸಿಯಾದಾಗ ಈ ಮೂರು ದಾರಿಗಳೂ ತಿರುವುಮುರುವಾಗಿ ಶಾಖವನ್ನು ಒಳಗೆ ತರತೊಡಗುತ್ತವೆ. ಆಗ ಉಳಿಯುವುದು ಒಂದೇ ದಾರಿ, ಬೆವರು ಆವಿಯಾಗುವುದು.

ಒಂದು ಲೆಕ್ಕ ಹಾಕೋಣ. ಸುಮ್ಮನೆ ಕುಳಿತ ವಯಸ್ಕನ ದೇಹದಲ್ಲಿ ಸುಮಾರು 100 ವ್ಯಾಟ್‌ನಷ್ಟು ಶಾಖ ಉತ್ಪನ್ನವಾಗುತ್ತದೆ. ಕುಳಿತು, ಎದ್ದು, ಮಕ್ಕಳೊಡನೆ ಹಾಡಿ ಕುಣಿಯುವವರಲ್ಲಿ ಅದನ್ನು 150 ವ್ಯಾಟ್ ಎಂದು ಹಿಡಿಯೋಣ. ಹೊರಗಿನಿಂದ ಬರುವ ಶಾಖವನ್ನು 50 ವ್ಯಾಟ್ ಎಂದಿಟ್ಟುಕೊಳ್ಳೋಣ. ಒಟ್ಟು 200 ವ್ಯಾಟ್. ಒಂದು ಗಂಟೆಗೆ 3,600 ಸೆಕೆಂಡುಗಳಾದುದರಿಂದ ಹೊರಹಾಕಬೇಕಾದ ಶಾಖ 7,20,000 ಜೂಲ್. ಒಂದು ಕಿಲೋಗ್ರಾಂ ಬೆವರು ಚರ್ಮದ ಮೇಲೆ ಆವಿಯಾಗುವಾಗ ಹೀರಿಕೊಳ್ಳುವ ಗುಪ್ತೋಷ್ಣ ಸುಮಾರು 24,00,000 ಜೂಲ್. ಭಾಗಿಸಿದರೆ ಗಂಟೆಗೆ 300 ಗ್ರಾಂ ಬೆವರು ಆವಿಯಾಗಬೇಕೆಂದು ತಿಳಿಯುತ್ತದೆ. ಮೂರು ಗಂಟೆಗಳ ಸೇವೆಗೆ ಹೆಚ್ಚುಕಡಮೆ ಒಂದು ಲೀಟರು! ನೀರಿನ ಬಾಟಲಿಯೂ ಉಡುಪಿನ ಒಂದು ಭಾಗವೆಂದೇ ತಿಳಿಯತಕ್ಕದ್ದು.

ಇಲ್ಲಿ ಒಂದು ಸೂಕ್ಷ್ಮವಿದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದೇಹವನ್ನು ತಂಪುಗೊಳಿಸುವುದಿಲ್ಲ. ದೇಹದ ಬಳಿಯಲ್ಲಿಯೇ ಆವಿಯಾದ ಬೆವರು ಮಾತ್ರ ತಂಪುಗೊಳಿಸುತ್ತದೆ. ಬೆವರನ್ನು ಹೀರಿ, ಹರಡಿ, ಗಾಳಿಗೆ ಒಡ್ಡುವ ಬಟ್ಟೆ ಆದುದರಿಂದ ಒಳ್ಳೆಯದು. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿಯು ತನ್ನ ತೂಕದ ಶೇಕಡಾ 7–8ರಷ್ಟು ತೇವವನ್ನು ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ 0.4ರಷ್ಟು ಮಾತ್ರ. ಆಟಗಾರರಿಗಾಗಿ ವಿಶೇಷವಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆಗಳು ಎಳೆಗಳ ಸಂದಿನಲ್ಲಿ ಬೆವರನ್ನು ಸಾಗಿಸುತ್ತವೆ ಎಂಬುದು ನಿಜ. ಆದರೆ ಸಂತೆಯಲ್ಲಿ ಸಿಗುವ ಹೊಳಪಿನ ಒತ್ತು ನೇಯ್ಗೆಗೆ ಆ ಗುಣವಿರುವುದಿಲ್ಲ. ಬೇಸಗೆಗೆ ತೆಳುವಾದ, ಸಡಿಲವಾದ ಹತ್ತಿಯೇ ಮೇಲು. ತೋಳು ಮೊಣಕೈವರೆಗೆ ಇದ್ದರೆ ಬಣ್ಣ, ಅಂಟು, ನೀರು ತಗಲದೆ ಕೆಲಸಕ್ಕೂ ಅನುಕೂಲ.

ಮಳೆಗಾಲದಲ್ಲಿ ಪರಿಸ್ಥಿತಿ ಬೇರೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಆವೀಕರಣ ನಿಧಾನವಾಗುತ್ತದೆ. ದಪ್ಪ ಹತ್ತಿ ನೆನೆದರೆ ದಿನವಿಡೀ ಒಣಗದೆ ಮೈಗೆ ಅಂಟುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹತ್ತಿ-ಪಾಲಿಯೆಸ್ಟರ್ ಬೆರಕೆಯ ಹಗುರ ಬಟ್ಟೆ ಬೇಗ ಒಣಗುವುದರಿಂದ ಉಪಯುಕ್ತ. ಒಂದೇ ಬಟ್ಟೆ ಎಲ್ಲ ಋತುಗಳಿಗೂ ಉತ್ತಮವೆಂಬ ಮಾತಿಗೆ ವಿಜ್ಞಾನದ ಬೆಂಬಲವಿಲ್ಲ.

ಬಣ್ಣದ ಪ್ರಶ್ನೆ

ಬಿಳಿಬಟ್ಟೆ ತಂಪು, ಕರಿಬಟ್ಟೆ ಬಿಸಿ ಎಂದು ನಾವೆಲ್ಲ ಕೇಳಿದ್ದೇವೆ. ಬಿಸಿಲಿನಲ್ಲಿ ನಡೆಯುವಾಗ ಅದು ಬಹುಮಟ್ಟಿಗೆ ಸತ್ಯ. ಬಿಳಿಬಟ್ಟೆ ಕಣ್ಣಿಗೆ ಕಾಣುವ ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಚೆದರಿಸುತ್ತದೆ. ಆದರೆ ಕೋಣೆಯ ನೆರಳಿನಲ್ಲಿ ನಮ್ಮನ್ನು ಕಾಯಿಸುವುದು ನೇರವಾದ ಬಿಸಿಲಲ್ಲ; ಕಾದ ತಗಡಿನ ಸೂರು ಅಥವಾ ಕಾದ ಗೋಡೆ. ಅವು ಸೂಸುವ ಅವಗೆಂಪು ಕಿರಣಗಳು ಕಣ್ಣಿಗೆ ಕಾಣವು. ಆ ಕಿರಣಗಳ ಪಾಲಿಗೆ ಬಿಳಿಬಟ್ಟೆಯೂ ಕರಿಬಟ್ಟೆಯೂ ಹೆಚ್ಚುಕಡಮೆ ಒಂದೇ. ಎರಡೂ ಅವುಗಳನ್ನು ಹೀರಿಕೊಳ್ಳುತ್ತವೆ. ಎಂದಮೇಲೆ ಕೋಣೆಯೊಳಗೆ ಬಣ್ಣಕ್ಕಿಂತ ಬಟ್ಟೆಯ ಸಡಿಲವೇ ಮುಖ್ಯ.

ಇದಕ್ಕೆ ಒಂದು ಸ್ವಾರಸ್ಯವಾದ ಪುರಾವೆಯಿದೆ. ಸಿನಾಯ್ ಮರುಭೂಮಿಯ ಬೆದೂಯಿನ್ ಜನರು ಸುಡುಬಿಸಿಲಿನಲ್ಲಿಯೂ ಕರಿಯ ನಿಲುವಂಗಿಯನ್ನು ತೊಡುವುದೇಕೆ ಎಂಬುದನ್ನು ಪರೀಕ್ಷಿಸಿದ ಅಧ್ಯಯನವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರಿಯ ನಿಲುವಂಗಿ ಬಿಳಿಯದಕ್ಕಿಂತ ಹೆಚ್ಚು ಬಿಸಿಲನ್ನು ಹೀರಿದರೂ, ಆ ಹೆಚ್ಚುವರಿ ಶಾಖವು ಚರ್ಮವನ್ನು ತಲಪುವ ಮುನ್ನವೇ ಗಾಳಿಗೆ ಹೋಗಿಬಿಡುತ್ತಿತ್ತು. ಧರಿಸಿದವನಿಗೆ ತಗಲಿದ ಶಾಖ ಎರಡರಲ್ಲಿಯೂ ಒಂದೇ ಆಗಿತ್ತು. ಅಂಗಿ ಸಡಿಲವಾಗಿದ್ದುದೇ ಇದಕ್ಕೆ ಕಾರಣ.

ಆದುದರಿಂದ ಬಣ್ಣವನ್ನು ಆರಿಸುವಾಗ ಬೇರೆ ಎರಡು ವಿಷಯಗಳನ್ನು ಯೋಚಿಸಬಹುದು. ಅಚ್ಚ ಬಿಳುಪಿನಲ್ಲಿ ಪ್ರತಿಯೊಂದು ಕಲೆಯೂ ಎದ್ದು ಕಾಣುತ್ತದೆ. ಕಡುಗಪ್ಪಿನಲ್ಲಿ ಸೀಮೆಸುಣ್ಣದ ಪುಡಿ ಎದ್ದು ಕಾಣುತ್ತದೆ. ನಡುಬಣ್ಣದ, ಚಿಕ್ಕ ಚಿತ್ತಾರದ ಬಟ್ಟೆ ಎರಡನ್ನೂ ಮರೆಸುತ್ತದೆ. ಪ್ರಯೋಗಶಾಲೆಯ ಬಿಳಿ ಕೋಟನ್ನಂತೂ ತೊಡಬಾರದು. ಸೂಜಿಮದ್ದಿನ ನೆನಪಿರುವ ಮಕ್ಕಳು ಅದನ್ನು ಕಂಡು ಅಳುವುದುಂಟು.

ಪರಸಿ ನೆಲ ಮತ್ತು ಪಾದರಕ್ಷೆ

ಶಹಾಬಾದಿನ ಹೆಸರನ್ನು ದೂರದೂರಕ್ಕೆ ಒಯ್ದಿರುವುದು ಅಲ್ಲಿನ ಹಾಸುಗಲ್ಲು. ಊರವರ ಬಾಯಲ್ಲಿ ಅದು ಪರಸಿ. ಭೀಮಾ ಶಿಲಾಸಮೂಹಕ್ಕೆ ಸೇರಿದ ಈ ಸುಣ್ಣಕಲ್ಲು ಪದರುಪದರಾಗಿ ಏಳುವುದರಿಂದ ನೆಲಕ್ಕೆ ಹಾಸಲು ಹೇಳಿಮಾಡಿಸಿದಂತಿದೆ. ಸೇಡಂ ಮತ್ತು ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೂ ಈ ಸೀಮೆಯ ಸುಣ್ಣಕಲ್ಲೇ ಆಧಾರ. ನಮ್ಮ ಭಾಗದ ಎಷ್ಟೋ ಶಾಲೆಗಳ ನೆಲ ಪರಸಿಯದೇ.

ಡಿಸೆಂಬರಿನ ಮುಂಜಾನೆ ಪರಸಿಯ ಮೇಲೆ ಕುಳಿತರೆ ಚಳಿ ಮೈಗೇರುತ್ತದೆ. ಅದೇ ಕೋಣೆಯ ಜಮಖಾನೆ ಅಷ್ಟು ತಣ್ಣಗೆ ತೋರುವುದಿಲ್ಲ. ಎರಡರ ಉಷ್ಣತೆಯೂ ಒಂದೇ ಎಂಬುದನ್ನು ಉಷ್ಣತಾಮಾಪಕದಿಂದ ನೋಡಬಹುದು. ಕಲ್ಲು ಜಮಖಾನೆಗಿಂತ ಹಲವು ಹತ್ತು ಪಟ್ಟು ಹೆಚ್ಚು ವೇಗವಾಗಿ ಶಾಖವನ್ನು ವಹಿಸುವುದರಿಂದ ನಮ್ಮ ಮೈಶಾಖವನ್ನು ಬೇಗ ಸೆಳೆದುಕೊಳ್ಳುತ್ತದೆ, ಅಷ್ಟೆ. ಚಳಿಗಾಲದಲ್ಲಿ ಮಡಿಸಿದ ಕೌದಿಯೊಂದನ್ನು ಚೀಲದಲ್ಲಿ ಒಯ್ದರೆ ನಮಗೂ ಪಕ್ಕದ ಇಬ್ಬರು ಮಕ್ಕಳಿಗೂ ಆಸನವಾಗುತ್ತದೆ.

ಒಣಗಿದ ಪರಸಿಯ ಮೇಲೆ ಬರಿಗಾಲು ಚೆನ್ನಾಗಿ ಹಿಡಿಯುತ್ತದೆ. ನೈಲಾನ್ ಕಾಲುಚೀಲದ ಘರ್ಷಣೆ ಅಷ್ಟಿಲ್ಲ. ಮಗುವನ್ನು ಎತ್ತಿಕೊಂಡು ಅವಸರದಲ್ಲಿ ನಡೆದರೆ ಜಾರುವ ಭಯವುಂಟು. ತರಗತಿಯೊಳಗೆ ಬರಿಗಾಲೇ ಕ್ಷೇಮ. ನೀರು ಚೆಲ್ಲಿದ ಕಡೆ ಅಂಗಾಲಿಗೂ ಕಲ್ಲಿಗೂ ನಡುವೆ ತೆಳುವಾದ ನೀರಿನ ಪೊರೆ ನಿಂತು ಘರ್ಷಣೆಯನ್ನು ತಗ್ಗಿಸುತ್ತದೆ. ಅದನ್ನು ಕೂಡಲೆ ಒರೆಸಲು ಸೊಂಟದಲ್ಲಿ ಒಂದು ವಸ್ತ್ರವಿರಲಿ.

ಹೊರಗೆ ಮಾತ್ರ ಪಾದರಕ್ಷೆ ಅವಶ್ಯ. ಏಪ್ರಿಲ್ ಮಧ್ಯಾಹ್ನದ ಕಾದ ಕಲ್ಲಿನ ಮೆಟ್ಟಿಲು ಅಂಗಾಲನ್ನು ಸುಡಬಲ್ಲದು. ಮಳೆಗಾಲದ ಎರೆಮಣ್ಣಾದರೋ ಬೇರೆಯೇ ಬಗೆ. ನೀರು ಹೀರಿ ಉಬ್ಬುವ ಜೇಡಿಯ ಕಣಗಳು ಅದರಲ್ಲಿ ಹೇರಳವಾಗಿರುವುದರಿಂದ ಹೆಜ್ಜೆಗೊಂದು ಪದರ ಅಟ್ಟೆಗೆ ಅಂಟುತ್ತದೆ. ಆಳವಾದ ಗೀರುಗಳ ಅಟ್ಟೆ ಜಾರುವುದನ್ನು ತಡೆಯುತ್ತದೆ, ಆದರೆ ಮಣ್ಣನ್ನೂ ಹೆಚ್ಚು ಹೊರುತ್ತದೆ. ಅಗಲವಾದ, ತೊಳೆಯಲು ಸುಲಭವಾದ ಗೀರುಗಳಿರುವ ರಬ್ಬರಿನ ಅಟ್ಟೆ ಉತ್ತಮ. ಮಕ್ಕಳ ಹಿಂದೆ ದಿನಕ್ಕೆ ಹತ್ತು ಸಲ ಒಳಹೊರಗೆ ಹೋಗಬೇಕಾಗುವುದರಿಂದ ಲೇಸು ಕಟ್ಟುವ ಬೂಟಿಗಿಂತ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಮೇಲು. ಅದು ಬೇಗ ಕಳಚುತ್ತದೆ, ಓಡುವಾಗ ಕಾಲಿನಿಂದ ಜಾರುವುದೂ ಇಲ್ಲ.

ಮಗುವಿನ ಕಣ್ಣಿನ ಎತ್ತರ

ನಾಲ್ಕು ವರ್ಷದ ಮಗುವಿನ ಎತ್ತರ ಸುಮಾರು ಒಂದು ಮೀಟರು. ನಾವು ನಿಂತಾಗ ನಮ್ಮ ಸೊಂಟದ ಮಟ್ಟಕ್ಕೆ ಅದರ ಮುಖ ಬರುತ್ತದೆ. ನಮಗೆ ಅಲಂಕಾರವಾದ ಬೆಲ್ಟಿನ ಬಿಲ್ಲೆ, ತೂಗುವ ಕೀಲಿಗೊಂಚಲು ಇವು ಮಗುವಿಗೆ ಕಣ್ಣಿನ ನೇರಕ್ಕಿರುವ ಲೋಹದ ತುಂಡುಗಳು. ಕೊರಳಿನ ಗುರುತಿನ ಚೀಟಿ ನಾವು ಬಾಗಿದೊಡನೆ ಲೋಲಕದಂತೆ ತೂಗಿ ಮಗುವಿನ ಮುಖಕ್ಕೆ ಬಡಿಯುತ್ತದೆ. ಅದನ್ನು ಜೇಬಿನೊಳಗೆ ಇಡುವುದು ಒಳಿತು.

ಪಿನ್ನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ನೂರು ಗ್ರಾಂ ವಸ್ತುವಿನ ತೂಕ ಸುಮಾರು ಒಂದು ನ್ಯೂಟನ್. ಆ ಅಲ್ಪ ಬಲವು ಒಂದು ಚದರ ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟಿರುವ ಪಿನ್ನಿನ ಮೊನೆಯ ಮೇಲೆ ಬಿದ್ದರೆ ಉಂಟಾಗುವ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಸಾವಿರ ಪಟ್ಟು! ಓಡಿಬಂದು ಅಪ್ಪಿಕೊಳ್ಳುವ ಮಗುವಿನ ಬಲ ಇದಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ಸೆರಗಿಗೂ ದುಪಟ್ಟಕ್ಕೂ ಪಿನ್ನು ಬೇಡ; ದುಪಟ್ಟವನ್ನು ಹೆಗಲಿನಿಂದ ಓರೆಯಾಗಿ ಇಳಿಸಿ ಸೊಂಟದಲ್ಲಿ ಗಂಟು ಹಾಕಬಹುದು. ಸೇವಾ ಯೋಜನೆಯ ಬಿಲ್ಲೆಗೆ ಹಿಂದೆ ಪಿನ್ನಿದ್ದರೆ ಅದನ್ನೂ ಮಕ್ಕಳೊಡನೆ ಇರುವಷ್ಟು ಹೊತ್ತು ತೆಗೆದಿಡಬೇಕು. ಗಾಜಿನ ಬಳೆ ಒಡೆದರೆ ನೆಲದ ಮೇಲೆ ಚೂರುಗಳು ಉಳಿಯುತ್ತವೆ. ಸಡಿಲವಾದ ಗುಂಡಿ, ಮಣಿ, ಚಮಕಿಗಳು ಕಿತ್ತುಬಂದರೆ ಮಕ್ಕಳ ಬಾಯಿಗೆ ಹೋಗಿ ಉಸಿರುದಾರಿಯನ್ನು ಕಟ್ಟಬಹುದು.

ಅಡುಗೆಯ ಕೋಣೆಗೆ ನೆರವಿಗೆ ಹೋಗುವವರು ಒಂದನ್ನು ನೆನಪಿಡಬೇಕು. ಪಾಲಿಯೆಸ್ಟರ್, ನೈಲಾನ್‌ಗಳು ಉರಿ ತಗಲಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಹತ್ತಿ ಕರಗುವುದಿಲ್ಲ, ಆದರೆ ಬೇಗ ಹತ್ತಿಕೊಳ್ಳುತ್ತದೆ. ತೂಗಾಡುವ ಸೆರಗು ಯಾವ ನೂಲಿನದಾದರೂ ಒಲೆಯ ಬಳಿ ಅಪಾಯವೇ.

ಧೂಳು, ಕಲೆ, ಒಗೆತ

ಕಲ್ಲುಗಣಿ, ಕಾರ್ಖಾನೆಗಳ ಬಳಿಯ ಊರುಗಳಲ್ಲಿ ಧೂಳು ಸಹಜ. ಒಣಹವೆಯಲ್ಲಿ ಕೃತಕ ನೂಲಿನ ಬಟ್ಟೆ ಉಜ್ಜಾಟದಿಂದ ವಿದ್ಯುದಂಶವನ್ನು ಪಡೆದು, ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವಂತೆ, ಧೂಳನ್ನು ಸೆಳೆದುಕೊಳ್ಳುತ್ತದೆ. ತುಸು ತೇವ ಹಿಡಿದಿರುವ ಹತ್ತಿಯಲ್ಲಿ ವಿದ್ಯುದಂಶ ನಿಲ್ಲದೆ ಹರಿದುಹೋಗುತ್ತದೆ. ಧೂಳನ್ನೂ ಸೀಮೆಸುಣ್ಣವನ್ನೂ ನೀರಿಗೆ ಹಾಕುವ ಮುನ್ನ ಒಣಗಿರುವಾಗಲೇ ಕೊಡವಬೇಕು. ನೆನೆದರೆ ಕಣಗಳು ನೂಲಿನ ಸಂದಿಗೆ ಇಳಿಯುತ್ತವೆ.

ತೊಗರಿಯ ನಾಡಿನ ಮಕ್ಕಳ ಕೈಯಲ್ಲಿ ಬೇಳೆಸಾರಿನ ಅರಿಶಿನ ಇರುವುದೇ. ಅರಿಶಿನದ ಕಲೆಗೆ ಸಾಬೂನು ಹಚ್ಚಿದೊಡನೆ ಅದು ಕೆಂಪಾಗುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕ್ಷಾರದಲ್ಲಿ ಕೆಂಪಾಗುತ್ತದೆ. ಸಾಬೂನು ಹೋಗುವಂತೆ ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಅದೇ ಕರ್ಕ್ಯುಮಿನ್ ಬಿಸಿಲಿಗೆ ಒಡೆದುಹೋಗುವ ಸ್ವಭಾವದ್ದು. ಒಗೆದ ಬಟ್ಟೆಯನ್ನು ನಮ್ಮ ಬಿಸಿಲಿನಲ್ಲಿ ಹರವಿದರೆ ಕಲೆ ತಾನಾಗಿಯೇ ಮಾಸುತ್ತದೆ. ಬೇಸಗೆಯಲ್ಲಿ ನಮ್ಮನ್ನು ಬಳಲಿಸುವ ಸೂರ್ಯನೇ ಇಲ್ಲಿ ನಮ್ಮ ಅಗಸ.

ಹೊರಡುವ ಮುನ್ನ ಮೂರು ಪರೀಕ್ಷೆ

ಇಷ್ಟನ್ನೂ ನೆನಪಿಡುವುದು ಕಷ್ಟವೆನ್ನುವವರು ಮನೆಯಲ್ಲಿಯೇ ಮೂರು ಪರೀಕ್ಷೆಗಳನ್ನು ಮಾಡಿಕೊಳ್ಳಬಹುದು. ಮೊದಲನೆಯದು, ಚಕ್ಕಳಮಕ್ಕಳ ಹಾಕಿ ಕುಳಿತು, ಕೈಯೂರದೆ ಎದ್ದು, ಬಾಗಿ, ಎರಡು ಕೈಗಳನ್ನೂ ತಲೆಯ ಮೇಲೆತ್ತಿ ನೋಡುವುದು. ಎಲ್ಲಿಯಾದರೂ ಬಟ್ಟೆಯನ್ನು ಸರಿಪಡಿಸಿಕೊಳ್ಳಬೇಕೆನಿಸಿದರೆ ಅದು ತಕ್ಕ ಉಡುಪಲ್ಲ. ಎರಡನೆಯದು, ಬಟ್ಟೆಯ ಮೇಲೆ ಒಂದು ಹನಿ ನೀರು ಹಾಕುವುದು. ಹನಿ ಮುತ್ತಿನಂತೆ ನಿಂತರೆ ಬೇಸಗೆಗೆ ಬೇಡ. ಬೇಗ ಹರಡಿದರೆ ಒಳ್ಳೆಯದು. ಮೂರನೆಯದು, ಮನೆಯ ದಿಂಬೊಂದನ್ನು ಬಿಗಿಯಾಗಿ ಅಪ್ಪಿಕೊಳ್ಳುವುದು. ಎಲ್ಲಿ ಚುಚ್ಚಿತು, ಎಲ್ಲಿ ಸಿಕ್ಕಿಕೊಂಡಿತು ಎಂಬುದು ಆಗಲೇ ತಿಳಿಯುತ್ತದೆ.

ಇದಾವುದಕ್ಕೂ ಹೊಸ ಬಟ್ಟೆ ಕೊಳ್ಳಬೇಕಾಗಿಲ್ಲ. ಹಲವು ಸಲ ಒಗೆದು ಮೆತ್ತಗಾದ ಹಳೆಯ ಹತ್ತಿಬಟ್ಟೆಯೇ ಈ ಕೆಲಸಕ್ಕೆ ಎಲ್ಲಕ್ಕಿಂತ ಮಿಗಿಲು. ಕಲ್ಲುಗಣಿಯಲ್ಲಿ ದುಡಿಯುವವರ ಮಗು, ವಾಡಿಯ ರೈಲು ನೌಕರನ ಮಗು, ಚಿಂಚೋಳಿಯ ತಾಂಡಾದ ಮಗು ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ಎಂದು ಅವುಗಳ ಮನೆಮಾತು ಬೇರೆಬೇರೆ ಇರಬಹುದು. ನಾವು ಬಾಯಿ ತೆರೆಯುವ ಮುನ್ನವೇ ನಮ್ಮ ಉಡುಪು ಅವುಗಳೊಡನೆ ಮಾತನಾಡಿರುತ್ತದೆ. ಸ್ವಚ್ಛವಾದ, ಸರಳವಾದ, ಕೊಳೆಯಾದರೂ ಚಿಂತೆಯಿಲ್ಲದ ಬಟ್ಟೆ ತೊಟ್ಟವರ ತೊಡೆಯ ಮೇಲೆ ಮಗು ಅಂಜದೆ ಬಂದು ಕೂರುತ್ತದೆ. ಪಾಠವು ಮೊದಲಾಗುವುದು ಅಲ್ಲಿಂದಲೇ.